ಹತ್ತು ಕುರ್ಚಿ, ಆಗಸ್ಟ್‌ನ ಮಂಗಳವಾರಗಳು: ಕ್ಯಾನ್ಸಸ್ ಶಿಕ್ಷಣ ಮಂಡಳಿಯ ಪ್ರಕರಣ

ಅಮೆರಿಕದ ಕ್ಯಾನ್ಸಸ್ ರಾಜ್ಯದ ಶಿಕ್ಷಣ ಮಂಡಳಿ ಎಂಟು ವರ್ಷದೊಳಗೆ ವಿಜ್ಞಾನದ ಪಾಠವನ್ನು ನಾಲ್ಕು ಸಲ ತಿರುಗಿಸಿ ಹಾಕಿತು. 1999ರಲ್ಲಿ ವಿಕಾಸವಾದವನ್ನು ಬಹುತೇಕ ಹೊರಗೆ ಹಾಕಿತು. 2001ರಲ್ಲಿ ವಾಪಸ್ ಕರೆದುಕೊಂಡಿತು. 2005ರಲ್ಲಿ ಅದರ ಮೇಲೆ ಅನುಮಾನ ಹುಟ್ಟುವಂತೆ ಹೊಸದಾಗಿ ಬರೆಯಿತು. 2007ರಲ್ಲಿ ಅದನ್ನೂ ಅಳಿಸಿತು. ಇಷ್ಟು ವರ್ಷದಲ್ಲಿ ಡಾರ್ವಿನ್ ಬಗ್ಗೆ ಹೊಸ ಸಂಗತಿ ಏನೂ ಹೊರಬಂದಿರಲಿಲ್ಲ. ಮಂಡಳಿಯಲ್ಲಿ ಕೂತವರು ಬದಲಾಗಿದ್ದರು. ಅದೂ ಪ್ರತಿ ಸಲ ಒಬ್ಬರು, ಇಬ್ಬರು, ಹೆಚ್ಚೆಂದರೆ ಮೂವರು.

ಈ ಜಗಳದ ಬಗ್ಗೆ ಬರೆದವರೆಲ್ಲ ಹೆಚ್ಚಾಗಿ ದೇವರು ಮತ್ತು ವಿಜ್ಞಾನದ ಬಗ್ಗೆ ಬರೆದರು. ಆ ಚರ್ಚೆ ಬೇಕಾದಷ್ಟಾಗಿದೆ. ಇಲ್ಲಿ ನಾನು ನೋಡಲು ಹೊರಟಿರುವುದು ಕುರ್ಚಿಗಳನ್ನು. ಯಾರು ಎದ್ದರು, ಯಾರು ಕೂತರು, ಯಾವ ದಿನ, ಹೇಗೆ?

ಮಂಡಳಿಯ ಕಟ್ಟು

1966ರಲ್ಲಿ ಕ್ಯಾನ್ಸಸ್ ಜನ ತಮ್ಮ ರಾಜ್ಯ ಸಂವಿಧಾನದ ಶಿಕ್ಷಣದ ಭಾಗವನ್ನು ಮತ ಹಾಕಿ ಬದಲಿಸಿದರು. ಅಲ್ಲಿಯವರೆಗೆ ಶಾಲೆಗಳ ಮೇಲೆ ಒಬ್ಬ ಚುನಾಯಿತ ಸೂಪರಿಂಟೆಂಡೆಂಟ್ ಇರುತ್ತಿದ್ದರು. ಆ ಜಾಗಕ್ಕೆ ಹತ್ತು ಜನರ ಚುನಾಯಿತ ಮಂಡಳಿ ಬಂತು. ಕ್ಯಾನ್ಸಸ್‌ನಲ್ಲಿ 40 ಸೆನೆಟ್ ಕ್ಷೇತ್ರಗಳಿವೆ. ನಾಲ್ಕು ನಾಲ್ಕು ಸೇರಿಸಿದರೆ ಒಂದು ಮಂಡಳಿ ಕ್ಷೇತ್ರ. ಅವಧಿ ನಾಲ್ಕು ವರ್ಷ. ಆದರೆ ಹತ್ತೂ ಸೀಟಿಗೆ ಒಟ್ಟಿಗೆ ಚುನಾವಣೆ ನಡೆಯುವುದಿಲ್ಲ. ಅಧ್ಯಕ್ಷರ ಚುನಾವಣೆಯ ವರ್ಷ ಸರಿಸಂಖ್ಯೆಯ ಐದು ಕ್ಷೇತ್ರ, ಗವರ್ನರ್ ಚುನಾವಣೆಯ ವರ್ಷ ಬೆಸಸಂಖ್ಯೆಯ ಐದು.

ಶಾಲೆಗಳ ಮೇಲ್ವಿಚಾರಣೆಯ ಅಧಿಕಾರ ಈ ಮಂಡಳಿಗೆ ನೇರವಾಗಿ ಸಂವಿಧಾನದಿಂದಲೇ ಬಂದಿದೆ. ಶಿಕ್ಷಣ ಆಯುಕ್ತರನ್ನು ನೇಮಿಸುವುದೂ ಮಂಡಳಿಯೇ. ಗವರ್ನರ್ ಸದಸ್ಯರನ್ನು ತೆಗೆಯುವಂತಿಲ್ಲ, ಶಾಸಕಾಂಗ ಒಂದು ಮಾಮೂಲಿ ಕಾನೂನು ಮಾಡಿ ಮಂಡಳಿಯನ್ನು ಬದಿಗೆ ಸರಿಸುವಂತಿಲ್ಲ. ಮಜಾ ಏನೆಂದರೆ, ಅದೇ ಸಂವಿಧಾನದ ಅದೇ ಭಾಗದಲ್ಲಿ ವಿಶ್ವವಿದ್ಯಾಲಯಗಳಿಗೆ ಇನ್ನೊಂದು ಮಂಡಳಿ ಇದೆ. ಅದರ ಒಂಬತ್ತು ಸದಸ್ಯರನ್ನು ನೇಮಿಸುವವರು ಗವರ್ನರ್. ಅಂದರೆ ಕಾಲೇಜಿಗೆ ನೇಮಕ, ಶಾಲೆಗೆ ಚುನಾವಣೆ. ಒಂದೇ ಮನೆಯಲ್ಲಿ ಎರಡು ಪದ್ಧತಿ.

ಇನ್ನೊಂದು ವಿಷಯ ಗೊತ್ತಿರಬೇಕು. ಮಂಡಳಿ ಬರೆಯುವುದು ಪಠ್ಯಪುಸ್ತಕ ಅಲ್ಲ, ಮಾನದಂಡ. ಯಾವ ತರಗತಿಗೆ ಮಕ್ಕಳಿಗೆ ಏನು ಗೊತ್ತಿರಬೇಕು ಎಂಬ ಪಟ್ಟಿ ಅದು. ಪುಸ್ತಕ ಆರಿಸುವುದು, ಪಾಠ ನಡೆಸುವುದು ಊರೂರಿನ ಸ್ಕೂಲ್ ಬೋರ್ಡ್‌ಗಳ ಕೆಲಸ. ಹಾಗಾದರೆ ಇಷ್ಟೆಲ್ಲ ಗಲಾಟೆ ಯಾಕೆ? ಯಾಕೆಂದರೆ ರಾಜ್ಯಮಟ್ಟದ ಪರೀಕ್ಷೆ ಈ ಪಟ್ಟಿಯ ಮೇಲೆ ನಿಂತಿದೆ. ಪರೀಕ್ಷೆಗೆ ಬರದ ಪಾಠಕ್ಕೆ ತರಗತಿಯಲ್ಲಿ ಎಷ್ಟು ಸಮಯ ಸಿಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

1999: ಆರನೇ ಮತ

ವಿಜ್ಞಾನಿಗಳು ಮತ್ತು ಶಿಕ್ಷಕರಿದ್ದ 27 ಜನರ ಸಮಿತಿ ಹೊಸ ವಿಜ್ಞಾನ ಮಾನದಂಡದ ಕರಡು ಬರೆದು ಮಂಡಳಿಗೆ ಕೊಟ್ಟಿತ್ತು. ಅದರಲ್ಲಿ ವಿಕಾಸವಾದಕ್ಕೆ ದೊಡ್ಡ ಜಾಗವಿತ್ತು. ಸಂಪ್ರದಾಯವಾದಿ ಸದಸ್ಯರಿಗೆ ಅದು ಹಿಡಿಸಲಿಲ್ಲ. ಆರ್ಕನ್ಸಾಸ್ ಸಿಟಿಯ ಪಶುವೈದ್ಯ ಸ್ಟೀವ್ ಏಬ್ರಮ್ಸ್ ಮುಂದೆ ನಿಂತು ಬೇರೊಂದು ಕರಡು ಸಿದ್ಧಮಾಡಿಸಿದರು. ಆದರೆ ಗೆಲ್ಲಲು ಆರು ಮತ ಬೇಕು, ಅವರ ಕೈಯಲ್ಲಿ ಇದ್ದದ್ದು ಐದು. ಆರನೆಯದು ಹೆರಾಲ್ಡ್ ವೋತ್ ಅವರಿಂದ ಬಂತು. ಅವರನ್ನು ಎಲ್ಲರೂ ಮಧ್ಯಮಪಂಥದವರೆಂದೇ ಎಣಿಸಿದ್ದರು. 1999ರ ಆಗಸ್ಟ್ 11ರಂದು 6–4 ಮತದಿಂದ ಕರಡು ಪಾಸಾಯಿತು. ಒಂದು ಜೀವಜಾತಿಯಿಂದ ಇನ್ನೊಂದು ಹುಟ್ಟುವ ದೊಡ್ಡ ಮಟ್ಟದ ವಿಕಾಸದ ಮಾತು ಪಟ್ಟಿಯಿಂದ ಹೋಯಿತು. ವಿಶ್ವದ ಹುಟ್ಟಿನ ಕುರಿತ ಮಹಾಸ್ಫೋಟದ ಸಿದ್ಧಾಂತವೂ ಹೋಯಿತು.

ವಿಕಾಸವಾದ ಕಲಿಸಬಾರದು ಎಂದು ಮಂಡಳಿ ಎಲ್ಲೂ ಹೇಳಲಿಲ್ಲ. ಸುಮ್ನೆ ಪಟ್ಟಿಯಿಂದ ತೆಗೆಯಿತು, ಅಷ್ಟೇ. ಆದರೂ ಇಡೀ ಜಗತ್ತು ನಕ್ಕಿತು. ಗವರ್ನರ್ ಬಿಲ್ ಗ್ರೇವ್ಸ್ ಸಹ ಆ ಆರು ಜನರ ರಿಪಬ್ಲಿಕನ್ ಪಕ್ಷದವರೇ. ಇದು ರಾಜ್ಯಕ್ಕೆ ನಾಚಿಕೆಗೇಡು ಎಂಬ ಅರ್ಥದಲ್ಲಿ ಖಾರವಾಗಿ ಮಾತಾಡಿದರು. ಮಾತಾಡುವುದನ್ನು ಬಿಟ್ಟು ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಮಂಡಳಿಯ ಬಾಗಿಲು ಗವರ್ನರ್ ಕಚೇರಿಯ ಕಡೆಗೆ ತೆರೆಯುವುದೇ ಇಲ್ಲ.

2000: ಮೂರು ಸೀಟು

ಮುಂದಿನ ಚುನಾವಣೆ 2000ದಲ್ಲಿ. ಸರಿಸಂಖ್ಯೆಯ ಕ್ಷೇತ್ರಗಳ ಸರದಿ.

ಕ್ಯಾನ್ಸಸ್‌ನ ಹೆಚ್ಚಿನ ಭಾಗದಲ್ಲಿ ರಿಪಬ್ಲಿಕನ್ ಟಿಕೆಟ್ ಸಿಕ್ಕರೆ ಅರ್ಧ ಗೆದ್ದ ಹಾಗೆ. ಹಾಗಾಗಿ ನಿಜವಾದ ಚುನಾವಣೆ ನವೆಂಬರ್‌ನಲ್ಲಿ ಅಲ್ಲ, ಆಗಸ್ಟ್‌ನ ಮೊದಲ ಮಂಗಳವಾರ ನಡೆಯುವ ಪ್ರೈಮರಿಯಲ್ಲಿ. ಪಕ್ಷದ ಅಭ್ಯರ್ಥಿ ಯಾರು ಅಂತ ಪಕ್ಷದ ಮತದಾರರೇ ತೀರ್ಮಾನಿಸುವ ದಿನ ಅದು. ಬೇಸಿಗೆ ರಜೆ, ಸೆಕೆ ಬೇರೆ. ಮತ ಹಾಕಲು ಬರುವವರು ಕಡಿಮೆ. ಅದರಲ್ಲೂ ಬ್ಯಾಲೆಟ್‌ನ ಕೆಳಭಾಗದಲ್ಲಿರುವ ಶಿಕ್ಷಣ ಮಂಡಳಿಯ ಹೆಸರುಗಳ ತನಕ ಕಣ್ಣು ಹಾಯಿಸುವವರು ಇನ್ನೂ ಕಡಿಮೆ. ಚರ್ಚಿನಿಂದಲೋ ಸಂಘದಿಂದಲೋ ಒಂದಿಷ್ಟು ಜನರನ್ನು ಬೂತಿಗೆ ತಪ್ಪದೆ ಕಳಿಸಬಲ್ಲ ಗುಂಪಿಗೆ ಇಂಥ ದಿನ ಹಬ್ಬ.

ಆದರೆ 2000ದ ಆಗಸ್ಟ್ 1 ಹಾಗಿರಲಿಲ್ಲ. ಒಂದು ವರ್ಷದ ನಗೆಪಾಟಲಿನ ಬಿಸಿ ಇನ್ನೂ ಆರಿರಲಿಲ್ಲ. ಕ್ಯಾನ್ಸಸ್ ಸಿಟಿಗೆ ಅಂಟಿಕೊಂಡ ಜಾನ್ಸನ್ ಕೌಂಟಿಯಲ್ಲಿ, 1999ರಲ್ಲಿ ಮಂಡಳಿಯ ಅಧ್ಯಕ್ಷೆಯಾಗಿದ್ದ ಲಿಂಡಾ ಹಾಲೊವೇ ಅವರನ್ನು ಸ್ಯೂ ಗ್ಯಾಂಬಲ್ ಸೋಲಿಸಿದರು. ದುಡ್ಡು ಜಾಸ್ತಿ ಇದ್ದದ್ದು ಹಾಲೊವೇ ಕಡೆಗೆ. ವಿಚಿಟಾ ಕಡೆ ಮೇರಿ ಡಗ್ಲಾಸ್ ಬ್ರೌನ್ ಅವರನ್ನು ಕ್ಯಾರಲ್ ರೂಪ್ ಸೋಲಿಸಿದರು. ಸ್ಕಾಟ್ ಹಿಲ್ ಸ್ಪರ್ಧಿಸಲೇ ಇಲ್ಲ. ಆ ಸೀಟು ಬ್ರೂಸ್ ವ್ಯಾಟ್ ಪಾಲಾಯಿತು. ಏಬ್ರಮ್ಸ್ ಮಾತ್ರ ಉಳಿದುಕೊಂಡರು.

ಈಗ ಬೆರಳು ಮಡಚಿ ಎಣಿಸಿ. 1999ರಲ್ಲಿ ಬೇಡ ಎಂದಿದ್ದ ನಾಲ್ವರು: ಜಾನೆಟ್ ವಾ, ಬಿಲ್ ವ್ಯಾಗ್ನನ್, ವಾಲ್ ಡಿಫೀವರ್, ಸನ್ನಿ ರಂಡೆಲ್. ಹೊಸಬರು ಮೂವರು. ಒಟ್ಟು ಏಳು. 2001ರ ಫೆಬ್ರವರಿ 14ರಂದು 7–3 ಮತದಿಂದ ವಿಕಾಸವಾದ ವಾಪಸ್ ಬಂತು.

2002: ಯಾರೂ ನೋಡದ ವರ್ಷ

ನನ್ನ ಲೆಕ್ಕದಲ್ಲಿ ಈ ಪ್ರಕರಣದ ತಿರುಳು ಇರುವುದು ಇಲ್ಲಿ. 2005ರ ಸುದ್ದಿ ಎಲ್ಲರಿಗೂ ಗೊತ್ತು, ಅದರ ಬೀಜ ಬಿದ್ದದ್ದು 2002ರಲ್ಲಿ.

2001ರಲ್ಲಿ ಗೆದ್ದವರ ಕಡೆಯ ಉತ್ಸಾಹ ಇಳಿಯಿತು. ಟಿವಿಯವರು ಹೋದರು. 7–3 ಅಂದರೆ ಆರಾಮದ ಬಹುಮತ ಅಂತ ಅನ್ನಿಸಿತ್ತು. ಆದರೆ ಆ ಏಳರಲ್ಲಿ ಮೂವರ ಸೀಟು 2002ರಲ್ಲೇ ಚುನಾವಣೆಗೆ ಬರುತ್ತಿತ್ತು: ವಾ, ಡಿಫೀವರ್, ರಂಡೆಲ್. ಸೋತ ಕಡೆಯವರು ಮಾತ್ರ ಮನೆಗೆ ಹೋಗಿರಲಿಲ್ಲ. ಆ ಆಗಸ್ಟ್‌ನ ರಿಪಬ್ಲಿಕನ್ ಪ್ರೈಮರಿಯಲ್ಲಿ ಗವರ್ನರ್ ಟಿಕೆಟ್ ಸಹ ಸಂಪ್ರದಾಯವಾದಿ ಟಿಮ್ ಶಾಲೆನ್‌ಬರ್ಗರ್ ಅವರಿಗೇ ಹೋಯಿತು. ಬೂತಿಗೆ ಬಂದವರು ಯಾರು ಎಂಬುದು ಅದರಿಂದಲೇ ತಿಳಿಯುತ್ತೆ. ಆಗ್ನೇಯ ಭಾಗದಲ್ಲಿ ಡಿಫೀವರ್ ಅವರನ್ನು ಐರಿಸ್ ವ್ಯಾನ್ ಮೀಟರ್ ಸೋಲಿಸಿದರು. ಪಶ್ಚಿಮದ ಬಯಲು ಸೀಮೆಯಲ್ಲಿ ರಂಡೆಲ್ ಅವರನ್ನು ಕಾನಿ ಮಾರಿಸ್ ಸೋಲಿಸಿದರು.

1999ರಲ್ಲಿ ರಿಪಬ್ಲಿಕನ್ ಪಕ್ಷದಲ್ಲಿದ್ದುಕೊಂಡೇ ಎದ್ದು ಬೇಡ ಎಂದಿದ್ದ ಇಬ್ಬರೂ ಹೀಗೆ ಒಂದೇ ದಿನ ಹೋದರು. ಅವರ ಪರವಾಗಿ ಜಗತ್ತೇ ಮಾತಾಡಿತ್ತು. ಆದರೆ ಮತ ಹಾಕಬೇಕಾದ ದಿನ ಅವರ ಪರ ಸಾಕಷ್ಟು ಜನ ಬರಲಿಲ್ಲ. 2003ರ ಜನವರಿಯಲ್ಲಿ ಮಂಡಳಿ 5–5.

5–5 ಅಂದರೆ ಯಾವುದೂ ಮುಂದೆ ಹೋಗುವುದಿಲ್ಲ, ಯಾವುದೂ ಹಿಂದೆ ಬರುವುದಿಲ್ಲ. ಇನ್ನೊಂದೇ ಒಂದು ಸೀಟು ಬೇಕಿತ್ತು. 2004ರ ಆಗಸ್ಟ್‌ನಲ್ಲಿ ಕ್ಲೇ ಸೆಂಟರ್‌ನ ಕ್ಯಾಥಿ ಮಾರ್ಟಿನ್, ಬ್ರೂಸ್ ವ್ಯಾಟ್ ಅವರನ್ನು ಪ್ರೈಮರಿಯಲ್ಲಿ ಸೋಲಿಸಿದರು. 2005ರ ಜನವರಿಗೆ 6–4. ನಾಲ್ಕು ವರ್ಷದ ಹಿಂದೆ ದೊಡ್ಡ ಸದ್ದಿನಲ್ಲಿ ಬಂದಿದ್ದ ಮೂರು ಸೀಟುಗಳಲ್ಲಿ ಒಂದು ಸದ್ದಿಲ್ಲದೆ ಜಾರಿತ್ತು.

ಟೊಪೀಕಾದ ವಿಚಾರಣೆ

ಈ ಸಲ ತಂತ್ರ ಬೇರೆ. ವಿಕಾಸವಾದವನ್ನು ತೆಗೆಯುವುದು ಬೇಡ, ಅದರ ಬಗ್ಗೆ ವಿಜ್ಞಾನಿಗಳಲ್ಲೇ ಭಿನ್ನಾಭಿಪ್ರಾಯ ಇದೆ ಅಂತ ಬರೆಯೋಣ ಎಂಬುದು. ಮಾನದಂಡ ಬರೆಯುವ ಸಮಿತಿಯ ಎಂಟು ಮಂದಿ ಬೇರೆಯದೇ ವರದಿ ಕೊಟ್ಟರು. ಅದನ್ನು ಮುಂದಿಟ್ಟುಕೊಂಡು 2005ರ ಮೇ ತಿಂಗಳಲ್ಲಿ ರಾಜಧಾನಿ ಟೊಪೀಕಾದಲ್ಲಿ ಕೋರ್ಟಿನ ಥರದ ವಿಚಾರಣೆ ನಡೆಯಿತು. ಕೇಳಿಸಿಕೊಳ್ಳಲು ಕೂತವರು ಮೂವರು: ಏಬ್ರಮ್ಸ್, ಮಾರ್ಟಿನ್, ಮಾರಿಸ್. ಮೂವರೂ ಒಂದೇ ಕಡೆಯವರು.

ವಿಜ್ಞಾನಿಗಳು ಬಹಿಷ್ಕಾರ ಹಾಕಿದರು. ತೀರ್ಪು ಮೊದಲೇ ಬರೆದಿಟ್ಟಿರುವ ಜಾಗದಲ್ಲಿ ಸಾಕ್ಷಿ ಹೇಳಿ ಏನು ಪ್ರಯೋಜನ ಎಂಬುದು ಅವರ ವಾದ. ಅವರ ಪರವಾಗಿ ಬಂದದ್ದು ಟೊಪೀಕಾದ ವಕೀಲ ಪೆದ್ರೊ ಇರಿಗೊನೆಗರೆ ಒಬ್ಬರೇ. ಎದುರು ಕಡೆಯ ವಕೀಲ ಜಾನ್ ಕ್ಯಾಲ್ವರ್ಟ್ ಸಾಲುಸಾಲಾಗಿ ಸಾಕ್ಷಿಗಳನ್ನು ತಂದರು. ಟರ್ಕಿಯಿಂದ ಒಬ್ಬ ಪತ್ರಕರ್ತ ಕೂಡ ಬಂದಿದ್ದ! ಇರಿಗೊನೆಗರೆ ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ಬಂದ ಬಂದವರನ್ನೆಲ್ಲ ಒಂದೇ ಪ್ರಶ್ನೆಯಿಂದ ಶುರುಮಾಡಿ ಕೇಳುತ್ತಾ ಹೋದರು: ನಿಮ್ಮ ಪ್ರಕಾರ ಭೂಮಿಗೆ ವಯಸ್ಸೆಷ್ಟು? ಕೆಲವರು 450 ಕೋಟಿ ವರ್ಷದ ಆಸುಪಾಸು ಎಂದರು. ಕೆಲವರು ಸಾವಿರಗಳ ಲೆಕ್ಕದಲ್ಲೇ ನಿಂತರು. ಒಂದೇ ಕಡೆಯ ಸಾಕ್ಷಿಗಳ ನಡುವೆಯೇ ಅಷ್ಟು ಅಂತರ.

ನಂತರ ಅವರು ಇನ್ನೊಂದು ಪ್ರಶ್ನೆ ಸೇರಿಸಿದರು: ನೀವು ವಿರೋಧಿಸುತ್ತಿರುವ ಕರಡನ್ನು ಪೂರ್ತಿ ಓದಿದ್ದೀರಾ? ಹಲವರು ಇಲ್ಲ ಎಂದರು. ಆಗ ಮಾರ್ಟಿನ್ ಸಾಕ್ಷಿಗೆ ಸಮಾಧಾನ ಹೇಳುವ ಧಾಟಿಯಲ್ಲಿ, ತಾನೂ ಅದನ್ನು ಅಕ್ಷರ ಅಕ್ಷರ ಓದಿಲ್ಲ ಎಂದುಬಿಟ್ಟರು. ಸಭೆಯಲ್ಲಿದ್ದವರಿಗೆ ಅದು ಮರೆಯುವ ಮಾತಾಗಿರಲಿಲ್ಲ. ಮತ ಹಾಕಬೇಕಾದವರೇ ಕರಡು ಓದಿರಲಿಲ್ಲ.

ಅದೇ ವರ್ಷ ಬಾಬಿ ಹೆಂಡರ್ಸನ್ ಎಂಬ ಭೌತಶಾಸ್ತ್ರ ಪದವೀಧರ ಮಂಡಳಿಗೆ ಒಂದು ಪತ್ರ ಬರೆದ. ಈ ಜಗತ್ತನ್ನು ಸೃಷ್ಟಿಸಿದ್ದು ಹಾರುವ ಸ್ಪಾಗೆಟಿ ರಾಕ್ಷಸ, ಅದಕ್ಕೂ ವಿಜ್ಞಾನ ತರಗತಿಯಲ್ಲಿ ಸಮಾನ ಸಮಯ ಕೊಡಿ ಅಂತ. ಅಂತರ್ಜಾಲದ ಆ ಪ್ರಸಿದ್ಧ ತಮಾಷೆ ಹುಟ್ಟಿದ್ದು ಈ ಹತ್ತು ಕುರ್ಚಿಗಳ ಕಾರಣದಿಂದಲೇ.

ಮಂಡಳಿ ನಗಲಿಲ್ಲ. ಅಕ್ಟೋಬರ್‌ನಲ್ಲಿ 6–4 ಮತದಿಂದ ಬಾಬ್ ಕಾರ್ಕಿನ್ಸ್ ಎಂಬವರನ್ನು ಶಿಕ್ಷಣ ಆಯುಕ್ತರಾಗಿ ನೇಮಿಸಿತು. ಅವರು ತೆರಿಗೆ ಇಳಿಸುವುದರ ಪರ ಲಾಬಿ ಮಾಡುತ್ತಿದ್ದ ವಕೀಲ. ಶಾಲೆ ನಡೆಸಿದ ಅನುಭವ ಇರಲಿಲ್ಲ. ನವೆಂಬರ್ 8ರಂದು ಹೊಸ ಮಾನದಂಡವೂ 6–4ರಲ್ಲಿ ಪಾಸಾಯಿತು. ವಿಜ್ಞಾನ ಎಂದರೆ ಪ್ರಕೃತಿಯೊಳಗೆ ಕಾರಣ ಹುಡುಕುವುದು ಎಂಬ ವಿವರಣೆಯನ್ನೇ ಸಡಿಲ ಮಾಡಲಾಯಿತು.

ಅದೇ ದಿನ ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನಲ್ಲಿ ಇದೇ ಜಗಳಕ್ಕೆ ಅಲ್ಲಿನ ಮತದಾರರು ಉತ್ತರ ಕೊಟ್ಟಿದ್ದರು. ಸ್ಕೂಲ್ ಬೋರ್ಡ್‌ನ ಎಂಟು ಸೀಟಿಗೆ ಚುನಾವಣೆ ನಡೆದಿತ್ತು, ಎಂಟೂ ಬದಲಾದವು. ಡಿಸೆಂಬರ್‌ನಲ್ಲಿ ಫೆಡರಲ್ ಕೋರ್ಟಿನ ತೀರ್ಪೂ ಬಂತು. ಕ್ಯಾನ್ಸಸ್ ವಿಷಯ ಮಾತ್ರ ಕೋರ್ಟಿಗೆ ಹೋಗಲಿಲ್ಲ. ಹೋಗುವ ಅಗತ್ಯವೂ ಬೀಳಲಿಲ್ಲ.

2006: ಎರಡು ಸೀಟು

ಈ ಸಲ ಬೆಸಸಂಖ್ಯೆಯ ಕ್ಷೇತ್ರಗಳ ಸರದಿ. ಐದು ಸೀಟಿನಲ್ಲಿ ನಾಲ್ಕು ಸಂಪ್ರದಾಯವಾದಿಗಳ ಕೈಯಲ್ಲಿದ್ದವು: ಜಾನ್ ಬೇಕನ್, ಮಾರಿಸ್, ಕೆನ್ ವಿಲ್ಲರ್ಡ್, ವ್ಯಾನ್ ಮೀಟರ್. ಐದನೆಯದು ಜಾನೆಟ್ ವಾ ಅವರದು. ಅವರು ಡೆಮಾಕ್ರಟ್. ಬಹುಮತ ತಿರುಗಲು ವಾ ಉಳಿಯಬೇಕು, ಜೊತೆಗೆ ಇನ್ನೆರಡು ಸೀಟು ಸಿಗಬೇಕು.

2000ಕ್ಕೂ 2006ಕ್ಕೂ ಒಂದು ವ್ಯತ್ಯಾಸ ಇತ್ತು. ಮಧ್ಯಮಪಂಥದವರು ಈಗ ತಯಾರಾಗಿ ಬಂದಿದ್ದರು. ಕ್ಯಾನ್ಸಸ್ ಅಲೈಯನ್ಸ್ ಫಾರ್ ಎಜುಕೇಶನ್ ಎಂಬ ಸಂಘಟನೆ ಕಟ್ಟಿಕೊಂಡು ದುಡ್ಡು ಕೂಡಿಸಿದರು, ಅಭ್ಯರ್ಥಿಗಳನ್ನು ಹುಡುಕಿ ನಿಲ್ಲಿಸಿದರು. ಅವರು ಪ್ರಚಾರದಲ್ಲಿ ಡಾರ್ವಿನ್ ಹೆಸರೊಂದನ್ನೇ ಹಿಡಿದು ಕೂರಲಿಲ್ಲ. ಅನುಭವ ಇಲ್ಲದ ಆಯುಕ್ತ, ಸದಸ್ಯರ ಪ್ರಯಾಣದ ಖರ್ಚು, ರಾಜ್ಯದ ಮರ್ಯಾದೆ, ಇವೂ ಇದ್ದವು. ಗೋಧಿ ಬೆಳೆಯುವ ಪಶ್ಚಿಮದ ಜಿಲ್ಲೆಯ ಮತದಾರನಿಗೆ ವಿಕಾಸವಾದದ ಬಗ್ಗೆ ಏನೇ ಅಭಿಪ್ರಾಯ ಇರಲಿ, ಖರ್ಚಿನ ಮಾತು ತಕ್ಷಣ ಅರ್ಥವಾಗುತ್ತೆ. ಇದು ಜಾಣತನ ಅಂತಲೇ ನನ್ನ ಅಭಿಪ್ರಾಯ. ಜನರ ನಂಬಿಕೆಯನ್ನು ಬದಲಿಸಲು ಹೊರಟಿದ್ದರೆ ಒಂದು ಆಗಸ್ಟ್ ಸಾಲುತ್ತಿರಲಿಲ್ಲ.

ಇನ್ನೊಂದು ಸಣ್ಣ ನಿಯಮವೂ ನೆರವಿಗಿತ್ತು. ಯಾವ ಪಕ್ಷಕ್ಕೂ ಹೆಸರು ಕೊಡದ ಮತದಾರರು ಪ್ರೈಮರಿಯ ದಿನವೇ ಬೂತಿನಲ್ಲಿ ರಿಪಬ್ಲಿಕನ್ ಅಂತ ಬರೆಸಿ ಮತ ಹಾಕಬಹುದು.

ಆಗಸ್ಟ್ 1, ಮಂಗಳವಾರ. ಲಿಬರಲ್ ಎಂಬ ಊರಿನ ಸ್ಯಾಲಿ ಕಾಬಲ್, ಕಾನಿ ಮಾರಿಸ್ ಅವರನ್ನು ಸೋಲಿಸಿದರು. (ಊರಿನ ಹೆಸರು ನಿಜವಾಗಿಯೂ ಲಿಬರಲ್, ನಾನು ಸೇರಿಸಿದ್ದಲ್ಲ.) ವ್ಯಾನ್ ಮೀಟರ್ ಮತ್ತೆ ನಿಂತಿರಲಿಲ್ಲ. ಅವರ ಅಳಿಯ ಬ್ರ್ಯಾಡ್ ಪ್ಯಾಟ್ಜರ್ ನಿಂತಿದ್ದರು. ಅವರನ್ನು ಜೇನಾ ಶೇವರ್ ಸೋಲಿಸಿದರು. ಬೇಕನ್, ವಿಲ್ಲರ್ಡ್ ಗೆದ್ದರು. ವಾ ಕೂಡ ತಮ್ಮ ಪಕ್ಷದೊಳಗಿನ ಸ್ಪರ್ಧೆಯಲ್ಲಿ ಉಳಿದುಕೊಂಡರು. ನವೆಂಬರ್ ಚುನಾವಣೆ ಲೆಕ್ಕವನ್ನು ಬದಲಿಸಲಿಲ್ಲ. ಆ ತಿಂಗಳೇ ಕಾರ್ಕಿನ್ಸ್ ರಾಜೀನಾಮೆ ಕೊಟ್ಟರು. 2007ರ ಫೆಬ್ರವರಿ 13ರಂದು ಮಂಡಳಿ 6–4 ಮತದಿಂದ 2005ರ ಮಾನದಂಡವನ್ನು ಕಿತ್ತುಹಾಕಿತು.

ನೇಮಕ ಮಾಡಿದ್ದರೆ?

ಈ ಗಲಾಟೆಯ ಉದ್ದಕ್ಕೂ ಕ್ಯಾನ್ಸಸ್‌ನಲ್ಲಿ ಒಂದು ಮಾತು ಕೇಳಿಬರುತ್ತಲೇ ಇತ್ತು: ಈ ಚುನಾವಣೆಯೇ ಬೇಡ, ಗವರ್ನರ್ ನೇಮಿಸಲಿ. ಅದಕ್ಕೆ ಸಂವಿಧಾನ ತಿದ್ದಬೇಕು. ಎರಡೂ ಸದನದಲ್ಲಿ ಮೂರನೇ ಎರಡರಷ್ಟು ಮತ, ಆಮೇಲೆ ಜನಮತ. ಅಷ್ಟು ದೂರ ಯಾರಿಗೂ ಹೋಗಲಾಗಲಿಲ್ಲ.

ಒಹಾಯೊ ರಾಜ್ಯದವರು ಇನ್ನೊಂದು ದಾರಿ ಹಿಡಿದರು. ಅಲ್ಲಿನ ಮಂಡಳಿಯಲ್ಲಿ ಆಗ 19 ಜನ ಇದ್ದರು, 11 ಮಂದಿ ಚುನಾಯಿತರು, 8 ಮಂದಿ ಗವರ್ನರ್ ನೇಮಿಸಿದವರು. 2023ರಲ್ಲಿ ಶಾಸಕಾಂಗ ಬಜೆಟ್ ಮಸೂದೆಯೊಳಗೇ ಸೇರಿಸಿ ಮಂಡಳಿಯ ಹೆಚ್ಚಿನ ಅಧಿಕಾರವನ್ನು ಗವರ್ನರ್ ಕೈಕೆಳಗಿನ ಹೊಸ ಇಲಾಖೆಗೆ ವರ್ಗಾಯಿಸಿತು. ಆಗ ಸದಸ್ಯರನ್ನು ಯಾರೂ ಮುಟ್ಟಲಿಲ್ಲ. ಕುರ್ಚಿಗಳು ಅಲ್ಲೇ ಉಳಿದವು, ಕೆಲಸ ಬೇರೆ ಕಡೆ ಹೋಯಿತು.

ನಮ್ಮಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಕರ್ನಾಟಕದಲ್ಲಿ ಪಠ್ಯ ಪರಿಷ್ಕರಣೆಗೆ ಸರ್ಕಾರ ಆದೇಶ ಹೊರಡಿಸಿ ಸಮಿತಿ ಮಾಡುತ್ತೆ. ಬರಗೂರು ರಾಮಚಂದ್ರಪ್ಪ ಸಮಿತಿ ಪರಿಷ್ಕರಿಸಿದ್ದನ್ನು ರೋಹಿತ್ ಚಕ್ರತೀರ್ಥ ಸಮಿತಿ ಬದಲಿಸಿತು. ಸರ್ಕಾರ ಬದಲಾದ ಕೂಡಲೇ, 2023ರ ಜೂನ್‌ನಲ್ಲಿ ಸಂಪುಟ ಕೂತು ಹೆಡಗೇವಾರ್ ಪಾಠ ತೆಗೆಯಲು ತೀರ್ಮಾನಿಸಿತು. ಅದೇ ವರ್ಷ ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಲ್ಲಿ ವಿಕಾಸವಾದದ ಭಾಗ ಇಲ್ಲದಿರುವುದು ದೇಶದಲ್ಲಿ ಸುದ್ದಿಯಾಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಕ್ಯಾನ್ಸಸ್‌ನಲ್ಲಿ ಸಿಟ್ಟು ಬಂದವರಿಗೆ ಮತ ಹಾಕಲು ಒಂದು ಹೆಸರಿತ್ತು, ಒಂದು ದಿನಾಂಕವಿತ್ತು. ಇಲ್ಲಿ ಸಹಿ ಹಾಕಿದವರಿಗೆ ಅದು ಇರಲಿಲ್ಲ. ಅಸೆಂಬ್ಲಿಗೋ ಲೋಕಸಭೆಗೋ ಮತ ಹಾಕುವಾಗ ಪಠ್ಯಪುಸ್ತಕದ ಒಂದು ಅಧ್ಯಾಯ ಎಷ್ಟು ಜನರ ತಲೆಯಲ್ಲಿ ಇರುತ್ತೆ?

ಹಾಗಂತ ಚುನಾಯಿತ ಮಂಡಳಿಯೇ ಮೇಲು ಎಂದು ಕಣ್ಣುಮುಚ್ಚಿ ಹೇಳಲಾರೆ. ಕ್ಯಾನ್ಸಸ್ ಪದ್ಧತಿಯಲ್ಲಿ ಒಂದು ತಪ್ಪು ತೀರ್ಮಾನವನ್ನು ತಿದ್ದಲು ಒಂದೂಕಾಲು ವರ್ಷದ ಮೇಲೆ ಹಿಡಿಯಿತು, ಅದೂ ಎರಡೂ ಸಲ. ಅಷ್ಟರಲ್ಲಿ ಒಂದು ವರ್ಷದ ಮಕ್ಕಳು ಮುಂದಿನ ತರಗತಿಗೆ ಹೋಗಿರುತ್ತಾರೆ. ಶಿಕ್ಷಕರಿಗೆ ಯಾವ ಪಟ್ಟಿ ನಂಬಬೇಕೋ ಗೊತ್ತಾಗುವುದಿಲ್ಲ. ಅರ್ಧರ್ಧ ಸೀಟಿಗೆ ಚುನಾವಣೆ ಇಟ್ಟದ್ದು ಒಂದೇ ಅಲೆಗೆ ಮಂಡಳಿ ಪೂರ್ತಿ ಮಗುಚದಿರಲಿ ಎಂದು. ಆದರೆ ಬಲ 5–5ಕ್ಕೆ ಬಂದು ನಿಂತಾಗ ಅದೇ ಏರ್ಪಾಡು ಒಂದೊಂದು ಸೀಟಿಗೂ ವಿಪರೀತ ಬೆಲೆ ತಂದಿತು.

ಕುರ್ಚಿ ಬಿಟ್ಟವರು ರಾಜಕೀಯ ಬಿಡಲಿಲ್ಲ. ಏಬ್ರಮ್ಸ್ ಮುಂದೆ ರಾಜ್ಯದ ಸೆನೆಟ್‌ಗೇ ಆಯ್ಕೆಯಾಗಿ ಹೋದರು. ಮಂಡಳಿ 2013ರ ಜೂನ್‌ನಲ್ಲಿ ಹಲವು ರಾಜ್ಯಗಳು ಸೇರಿ ರೂಪಿಸಿದ ಹೊಸ ವಿಜ್ಞಾನ ಮಾನದಂಡವನ್ನು ಒಪ್ಪಿತು. ಅದರಲ್ಲಿ ವಿಕಾಸವಾದ ಜೀವಶಾಸ್ತ್ರದ ನಡುಗಂಬ. ಈ ಸಲ 8–2. ಬೇಡ ಎಂದ ಇಬ್ಬರಲ್ಲಿ ಜಾನ್ ಬೇಕನ್ ಒಬ್ಬರು. 1999, 2001, 2005, 2007, ಈ ನಾಲ್ಕೂ ಮತದಾನದಲ್ಲಿ ಅವರು ಇದ್ದರು, ನಾಲ್ಕೂ ಸಲ ಒಂದೇ ಕಡೆಗೆ ಮತ ಹಾಕಿದ್ದರು. ಅವರ ಕ್ಷೇತ್ರದ ಜನ ಅವರನ್ನು ಬದಲಿಸಿರಲಿಲ್ಲ.